ಹಳೆಯ ಬಿಳಿ ಬರ್ಗಂಡಿಗೆ ದುಡ್ಡು ಸುರಿಯುವ ಮೊದಲು

1996ರ ಬಿಳಿ ಬರ್ಗಂಡಿ, ಅಂದರೆ ಫ್ರಾನ್ಸಿನ ಬರ್ಗಂಡಿ ಪ್ರದೇಶದ ಬಿಳಿ ವೈನ್, ಮಾರುಕಟ್ಟೆಗೆ ಬಂದಾಗ ಹೊಗಳದವರಿಲ್ಲ. ಆ ವರ್ಷದ ದ್ರಾಕ್ಷಿಯಲ್ಲಿ ಸಕ್ಕರೆಯೂ ಚೆನ್ನಾಗಿ ಕೂಡಿತ್ತು, ಹುಳಿಯೂ ಜೋರಾಗಿತ್ತು. ಇಷ್ಟು ಹುಳಿ ಇದ್ದರೆ ಹದಿನೈದು ಇಪ್ಪತ್ತು ವರ್ಷ ನೆಲಮಾಳಿಗೆಯಲ್ಲಿ ಮಲಗಿಸಿಟ್ಟರೂ ಏನಾಗದು ಎಂದು ಜನ ಪೆಟ್ಟಿಗೆಗಟ್ಟಲೆ ಕೊಂಡಿಟ್ಟರು. 2000ದ ದಶಕ ಶುರುವಾಗಿ ಇನ್ನೂ ಕೆಲವೇ ವರ್ಷ ಆಗಿತ್ತು, ಒಂದೊಂದಾಗಿ ಕಾರ್ಕ್ ತೆಗೆದವರು ಕಂಗಾಲಾದರು. ಒಂದು ಬಾಟಲಿಯಲ್ಲಿ ತಿಳಿ ಹೊನ್ನಿನ ಬಣ್ಣ, ನಿಂಬೆ-ಬೆಣ್ಣೆಯ ಘಮ. ಅದೇ ಪೆಟ್ಟಿಗೆಯ ಪಕ್ಕದ ಬಾಟಲಿಯಲ್ಲಿ ಕಂದು ಬಣ್ಣ, ಹೆಚ್ಚಿಟ್ಟು ಮರೆತ ಸೇಬಿನ ವಾಸನೆ, ಬಾಯಿಗಿಟ್ಟರೆ ಸಪ್ಪೆ. ಒಂದೇ ತೋಟ, ಒಂದೇ ಪೀಪಾಯಿ, ಒಂದೇ ದಿನ ತುಂಬಿದ ಮಾಲು. ವೈನ್ ಲೋಕ ಇದನ್ನು ‘ಪ್ರೆಮಾಕ್ಸ್’ ಎಂದು ಕರೆಯುತ್ತದೆ: ವೈನ್ ತನ್ನ ಕಾಲಕ್ಕೆ ಮೊದಲೇ ಆಕ್ಸಿಡೀಕರಣಗೊಂಡು ಕೆಡುವುದು.

ಇದು ಹಳೇ ಕತೆ ಎಂದು ಬಿಡುವ ಹಾಗಿಲ್ಲ. 1995, 1996, 1999, 2002ರ ಬಾಟಲಿಗಳು ಹರಾಜಿನಲ್ಲೂ ಹಳೆಯ ವೈನ್ ಮಾರುವ ಅಂಗಡಿಗಳಲ್ಲೂ ಈಗಲೂ ಕೈ ಬದಲಾಯಿಸುತ್ತಿವೆ, ಅದೂ ವಯಸ್ಸಿನ ಹೆಸರಲ್ಲಿ ಬೆಲೆ ಏರಿಸಿಕೊಂಡು. ಆಮೇಲಿನ ವರ್ಷಗಳ ವೈನಿನಲ್ಲೂ ಈ ಕಾಟ ತಪ್ಪಿಲ್ಲ. ಹಾಗಾಗಿ ನೇರವಾಗಿ ಹೇಳುವುದಾದರೆ, ಮಾಮೂಲಿ ಕಾರ್ಕ್ ಹಾಕಿದ, ಹತ್ತು ವರ್ಷ ದಾಟಿದ ಬಿಳಿ ಬರ್ಗಂಡಿಗೆ ದೊಡ್ಡ ಮೊತ್ತ ಕೊಡುವುದು ಜೂಜು.

ಊರುಗಳ ಪರಿಚಯ ಚುಟುಕಾಗಿ. ಪೂರ್ವ ಫ್ರಾನ್ಸಿನಲ್ಲಿ ಬೋನ್ ಪಟ್ಟಣದ ಆಸುಪಾಸಿನ ಸುಣ್ಣಕಲ್ಲಿನ ಇಳಿಜಾರಿಗೆ ಕೋತ್ ದ ಬೋನ್ ಎಂದು ಹೆಸರು. ಅಲ್ಲಿನ ಮೂರು ಹಳ್ಳಿಗಳು ಶಾರ್ಡೊನೆ ದ್ರಾಕ್ಷಿಗೆ ಜಗತ್ಪ್ರಸಿದ್ಧ: ಮರ್ಸೋ, ಪುಲಿನಿ-ಮೋಂರಾಶೆ, ಶಾಸಾಞ್-ಮೋಂರಾಶೆ. ಬೋನ್‌ನಿಂದ ಉತ್ತರಕ್ಕೆ ಕೋರ್ತೋಂ ಗುಡ್ಡದ ಮೇಲೆ ಕೋರ್ತೋಂ-ಶಾರ್ಲೆಮಾಞ್. ಬಹಳ ದೂರ, ವಾಯವ್ಯಕ್ಕೆ ಶಾಬ್ಲಿ. ಇಲ್ಲಿ ಮೊದಲ ಮೋಸ ಲೇಬಲ್ಲಿನಲ್ಲೇ ಇದೆ. ಮೋಂರಾಶೆ ಎಂಬ ಅಸಲಿ ತೋಟ ಸುಮಾರು 8 ಹೆಕ್ಟೇರ್, ಅಂದರೆ 20 ಎಕರೆಗೆ ಚೂರು ಕಡಿಮೆ. ಅದು ಪುಲಿನಿ ಮತ್ತು ಶಾಸಾಞ್ ಹಳ್ಳಿಗಳ ಗಡಿಯ ಮೇಲಿದೆ. 1879ರಲ್ಲಿ ಎರಡೂ ಹಳ್ಳಿಗಳು ತೋಟದ ಕೀರ್ತಿಯನ್ನು ತಮ್ಮ ಹೆಸರಿಗೇ ಅಂಟಿಸಿಕೊಂಡವು. ಹಾಗಾಗಿ ‘ಪುಲಿನಿ-ಮೋಂರಾಶೆ’ ಎಂದಷ್ಟೇ ಇದ್ದರೆ ಅದು ಹಳ್ಳಿಯ ವೈನ್. ಲೇಬಲ್ಲಿನಲ್ಲಿ ‘ಗ್ರಾಂ ಕ್ರೂ’ (ಅತಿ ಮೇಲಿನ ದರ್ಜೆಯ ತೋಟ) ಎಂಬ ಪದ ಕಾಣದೆ ಮೋಂರಾಶೆಯ ಬೆಲೆ ಕೊಡಬೇಡಿ. ಮರ್ಸೋದಲ್ಲಿ ಬಿಳಿಗೆ ಗ್ರಾಂ ಕ್ರೂ ತೋಟವೇ ಇಲ್ಲ. ಅಲ್ಲಿನ ಮೇಲುದರ್ಜೆ ಎಂದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಪ್ರೆಮಿಯೇ ಕ್ರೂ, ಅದರಲ್ಲೂ ಪೆರಿಯೇರ್, ಜೆನೆವ್ರಿಯೇರ್, ಶಾರ್ಮ್. ‘ಮರ್ಸೋ ಗ್ರಾಂ ಕ್ರೂ’ ಎಂದು ಯಾರಾದರೂ ಮಾರಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಕೆಡುವ ಬಗೆ. ವೈನಿನಲ್ಲಿ ಫಿನಾಲ್ ಎಂಬ ವಸ್ತುಗಳಿರುತ್ತವೆ, ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುವುದಕ್ಕೆ ಕಾರಣವಾದ ಬಳಗದವು. ಬಾಟಲಿಯೊಳಗೆ ಆಮ್ಲಜನಕ ನುಸುಳಿದರೆ, ಅಲ್ಲೇ ಇರುವ ಒಂಚೂರು ಕಬ್ಬಿಣ, ತಾಮ್ರದ ಒತ್ತಾಸೆಯಿಂದ ಫಿನಾಲ್‌ಗಳು ಕ್ವಿನೋನ್ ಆಗುತ್ತವೆ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಈ ಪೆರಾಕ್ಸೈಡು ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ. ಸೇಬಿನ ವಾಸನೆ ಅದರದೇ. ಇದಕ್ಕೆ ಅಡ್ಡ ನಿಲ್ಲುವುದು ಗಂಧಕದ ಡೈ ಆಕ್ಸೈಡ್. ಅದು ಪೆರಾಕ್ಸೈಡನ್ನೂ ಕ್ವಿನೋನನ್ನೂ ಹಿಡಿದು ತಾನು ಖರ್ಚಾಗುತ್ತದೆ. ಪೂರ್ತಿ ಖರ್ಚಾದ ದಿನದಿಂದ ವೈನಿಗೆ ಕಾವಲಿಲ್ಲ. ಯುರೋಪಿನ ಕಾನೂನು ಒಣ ಬಿಳಿ ವೈನಿಗೆ ಲೀಟರಿಗೆ ಒಟ್ಟು 200 ಮಿಲಿಗ್ರಾಂವರೆಗೆ ಗಂಧಕದ ಡೈ ಆಕ್ಸೈಡ್ ಬಿಡುತ್ತದೆ. ಆದರೆ ಗಂಧಕ ಕಡಿಮೆ ಇದ್ದಷ್ಟೂ ವೈನ್ ಶುದ್ಧ ಎಂಬ ಗಾಳಿ ಬೀಸಿದ್ದ ಕಾಲದಲ್ಲಿ ಹಲವರು ಕೈ ಬಿಗಿ ಮಾಡಿದರು.

ಕಾರಣ ಅದೊಂದೇ ಆಗಿದ್ದರೆ ಎಂದೋ ಬಗೆಹರಿಯುತ್ತಿತ್ತು. ಹಳೆಯ ಒರಟು ಪ್ರೆಸ್ಸಿನಲ್ಲಿ ಹಿಂಡಿದ ರಸ ಹುದುಗುವ ಮೊದಲೇ ಕಂದಾಗುತ್ತಿತ್ತು. ಆ ಕಂದು ಫಿನಾಲ್‌ಗಳು ತಳಕ್ಕೆ ಇಳಿದುಹೋಗಿ ಉಳಿದ ವೈನ್ ಹೆಚ್ಚು ಕಾಲ ಬಾಳುತ್ತಿತ್ತು. ಗಾಳಿಚೀಲದ ಮೃದುವಾದ ಪ್ರೆಸ್ಸು ಬಂದ ಮೇಲೆ ರಸ ತಿಳಿಯಾಗಿ, ಹಸಿರಾಗಿ ಇಳಿಯತೊಡಗಿತು. ನೋಡಲು ಚೆಂದ, ಆದರೆ ಆಗಲೇ ತೊಲಗಬೇಕಿದ್ದ ಫಿನಾಲ್ ಒಳಗೇ ಉಳಿಯಿತು. 228 ಲೀಟರಿನ ಓಕ್ ಪೀಪಾಯಿಯಲ್ಲಿ ತಳದ ಯೀಸ್ಟ್ ಗಷ್ಟನ್ನು ಕೋಲಿನಿಂದ ಕದಡುವ ಪದ್ಧತಿಯನ್ನೂ ಅತಿ ಮಾಡಿದರು. ಗಷ್ಟು ಆಮ್ಲಜನಕವನ್ನು ಹೀರುತ್ತದೆ ನಿಜ, ಆದರೆ ಕದಡಲು ಮುಚ್ಚಳ ತೆಗೆದಾಗಲೆಲ್ಲ ಹೊಸ ಗಾಳಿಯೂ ಒಳಗೆ ಹೋಗುತ್ತದೆ. ಕಾರ್ಕಿನ ಮೇಲೂ ಗುಮಾನಿ ಇದೆ. 1990ರ ದಶಕದಲ್ಲಿ ಕಾರ್ಕ್ ತೊಳೆಯಲು ಕ್ಲೋರಿನ್ ಬಿಟ್ಟು ಪೆರಾಕ್ಸೈಡಿಗೆ ಬದಲಾದರು, ಜಾರಲೆಂದು ಸವರುವ ಸಿಲಿಕೋನ್, ಮೇಣದ ಲೇಪವೂ ಬದಲಾಯಿತು. ಮರದ ತೊಗಟೆಯಿಂದ ಕತ್ತರಿಸಿದ ಎರಡು ಕಾರ್ಕ್ ಒಂದೇ ಪ್ರಮಾಣದಲ್ಲಿ ಗಾಳಿ ಬಿಡುವುದಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಬದುಕಿ ಇನ್ನೊಂದು ಸಾಯುವುದಕ್ಕೆ ಇದಕ್ಕಿಂತ ಒಪ್ಪುವ ವಿವರಣೆ ಸಿಕ್ಕಿಲ್ಲ.

ಈ ಕೆಟ್ಟ ವೈನಿನಲ್ಲಿ ಹೆಚ್ಚುವ ಇನ್ನೊಂದು ವಸ್ತು ಸೋಟೊಲಾನ್. ನಮ್ಮ ಅಡುಗೆಮನೆಯ ಮೆಂತ್ಯಕ್ಕೆ ಘಮ ಕೊಡುವುದೂ ಇದೇ. ಹುರಿದ ಮೆಂತ್ಯದ ವಾಸನೆ ಗೊತ್ತಿರುವ ಮೂಗಿಗೆ ಪ್ರೆಮಾಕ್ಸ್ ಹಿಡಿಯುವುದು ಕಷ್ಟವಲ್ಲ. ಆದರೆ ಮಾರುವವರ ಬಳಿ ಇದಕ್ಕೂ ಒಂದು ಉತ್ತರ ಸಿದ್ಧ ಇರುತ್ತದೆ: “ಇದು ಹಣ್ಣಾದ ವೈನಿನ ಗುಣ, ವಾಲ್‌ನಟ್ ಘಮ.” ಪಕ್ಕದ ಜೂರಾ ಪ್ರದೇಶದ ವ್ಯಾಂ ಜೋನ್ ಎಂಬ ವೈನನ್ನು ಪೀಪಾಯಿ ತುಂಬಿಸದೆ, ಮೇಲೆ ಯೀಸ್ಟಿನ ಪೊರೆ ಕಟ್ಟಿಸಿ, ಆರು ವರ್ಷಕ್ಕೂ ಮಿಕ್ಕಿ ಬೇಕೆಂದೇ ಹಾಗೆ ಇಡುತ್ತಾರೆ. ಅಲ್ಲಿ ಸೋಟೊಲಾನ್ ಹೆಮ್ಮೆಯ ವಿಷಯ. ಮರ್ಸೋದಲ್ಲಿ ಅದು ಕೆಡುಕೇ. ಚೆನ್ನಾಗಿ ಹಣ್ಣಾದ ಮರ್ಸೋ ಹ್ಯಾಝೆಲ್‌ನಟ್, ಸುಟ್ಟ ಬ್ರೆಡ್ಡು, ಬೆಣ್ಣೆ ಎಲ್ಲವನ್ನೂ ತೋರಿಸುತ್ತದೆ, ಆದರೆ ಹುಳಿ ಚುರುಕಾಗಿರುತ್ತದೆ, ನುಂಗಿದ ಮೇಲೂ ರುಚಿ ನಾಲಿಗೆಯ ಮೇಲೆ ನಿಲ್ಲುತ್ತದೆ. ಕೆಟ್ಟದ್ದರಲ್ಲಿ ಹಣ್ಣಿನ ಅಂಶವೇ ಇರದು, ಕೊನೆಗೆ ಒಣ ಕಹಿ.

ಕೊಳ್ಳುವಾಗ ಬಣ್ಣ ನೋಡಬೇಕು, ಆದರೆ ಬರ್ಗಂಡಿಯ ಬಾಟಲಿ ಒಣಗಿದ ಎಲೆಯ ಬಣ್ಣದ ಹಳದಿ-ಹಸಿರು ಗಾಜು. ಒಳಗಿನ ಕಂದನ್ನು ಮರೆಮಾಚುತ್ತದೆ. ಅದಕ್ಕೆ ಒಂದೇ ವೈನಿನ ಎರಡು ಮೂರು ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಕತ್ತಿನ ಭಾಗದಲ್ಲಿ ಹೋಲಿಸಿ. ಅಲ್ಲಿ ದ್ರವ ತೆಳ್ಳಗಿರುವುದರಿಂದ ವ್ಯತ್ಯಾಸ ಬೇಗ ಕಾಣುತ್ತದೆ. ಉಳಿದವಕ್ಕಿಂತ ಗಾಢವಾಗಿರುವುದನ್ನು ಬಿಡಿ. ಕಾರ್ಕಿನ ಕೆಳತುದಿಗೂ ವೈನಿನ ಮಟ್ಟಕ್ಕೂ ನಡುವಿನ ಅಂತರ ನೋಡಿ: 2 ಸೆಂಟಿಮೀಟರ್ ಒಳಗಿದ್ದರೆ ಸರಿ, ಎಂಟು ಹತ್ತು ವರ್ಷದ ಬಾಟಲಿಯಲ್ಲಿ 3 ದಾಟಿದ್ದರೆ ಬೇಡ. ಹರಾಜಿನ ಫೋಟೋದಲ್ಲಿ ಇದೆರಡೂ ಕಾಣದಿದ್ದರೆ ಹೊಸ ಫೋಟೋ ಕೇಳಿ. ಕಾರ್ಕಿನ ಮೇಲೆ ಮೇಣ ಇದೆ ಎಂದು ನೆಮ್ಮದಿ ಪಡಬೇಡಿ, ಒಳಗಿರುವುದು ಅದೇ ತೊಗಟೆ.

ಮುಚ್ಚಳದ ಬಗ್ಗೆ ಕೇಳಲೇಬೇಕು. ಈಚಿನ ವರ್ಷಗಳಲ್ಲಿ ಬರ್ಗಂಡಿಯ ಹಲವು ಹೆಸರಾಂತ ವೈನ್ ತಯಾರಕರು ಡಿಯಾಂ ಎಂಬ ಕಾರ್ಕಿಗೆ ಬದಲಾಗಿದ್ದಾರೆ. ಕಾರ್ಕನ್ನು ಪುಡಿಮಾಡಿ, ಒತ್ತಡದಲ್ಲಿಟ್ಟ ಇಂಗಾಲದ ಡೈ ಆಕ್ಸೈಡಿನಿಂದ ತೊಳೆದು, ಮತ್ತೆ ಅಚ್ಚು ಹಾಕಿದ್ದು ಅದು. ಹಾಗಾಗಿ ಒಂದೊಂದೂ ಒಂದೇ ಪ್ರಮಾಣದಲ್ಲಿ ಗಾಳಿ ಬಿಡುತ್ತದೆ. 5, 10, 30 ಎಂಬ ಸಂಖ್ಯೆ ಎಷ್ಟು ವರ್ಷಕ್ಕೆಂದು ಮಾಡಿದ್ದು ಎಂಬುದರ ಅಂದಾಜು. ಅದು ಕಾರ್ಕಿನ ಮೈಮೇಲೆ ಅಚ್ಚಾಗಿರುವುದರಿಂದ ತೆರೆಯುವವರೆಗೆ ಕಾಣದು. ಯಾವ ವರ್ಷದಿಂದ ಬದಲಾಯಿಸಿದರು ಎಂದು ಅಂಗಡಿಯವರನ್ನು ಕೇಳಿ. ನೋಡಲು ಚೆನ್ನಾಗಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ನಮಗೆ ಅದು ಲೆಕ್ಕಕ್ಕಿಲ್ಲ. ಮಾಮೂಲಿ ಕಾರ್ಕೇ ಆಗಬೇಕೆಂದರೆ 1.5 ಲೀಟರಿನ ಮ್ಯಾಗ್ನಂ ವಾಸಿ, ಒಂದು ಕಾರ್ಕಿನಿಂದ ನುಸುಳುವ ಗಾಳಿ ಇಮ್ಮಡಿ ವೈನಿಗೆ ಹಂಚಿಹೋಗುತ್ತದೆ.

ಕುಡಿಯುವ ಕಾಲವನ್ನೂ ಹಿಂದಕ್ಕೆ ತನ್ನಿ. ಹಳ್ಳಿ ಮಟ್ಟದ ವೈನಿಗೆ ಕೊಯ್ಲಾದ ಮೂರರಿಂದ ಆರು ವರ್ಷ, ಪ್ರೆಮಿಯೇ ಕ್ರೂಗೆ ಐದರಿಂದ ಎಂಟು, ಗ್ರಾಂ ಕ್ರೂ ಆದರೂ ಹತ್ತರೊಳಗೆ. ಆರು ಬಾಟಲಿ ಇದ್ದರೆ ನಾಲ್ಕನೇ ವರ್ಷದಲ್ಲೇ ಒಂದು ತೆರೆಯಿರಿ. ಬಣ್ಣ ಆಗಲೇ ಏರಿದ್ದರೆ ಉಳಿದವನ್ನು ಆ ವರ್ಷವೇ ಮುಗಿಸಿ.

ತೆರೆದಾಗ 30 ಮಿಲಿ ಮಾತ್ರ ಸುರಿದು, ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ಲೋಟ ತಿರುಗಿಸದೆ ಮೊದಲು ಮೂಸಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಪರೀಕ್ಷೆ ಮಾಡಿದರೆ ಚಳಿ ದೋಷವನ್ನೂ ಅಡಗಿಸುತ್ತದೆ. ಅರ್ಧ ಗಂಟೆ ಹೊರಗಿಟ್ಟು 12 ಡಿಗ್ರಿಗೆ ಬರಲಿ. ಗೀರಿದ ಬೆಂಕಿಕಡ್ಡಿಯ ವಾಸನೆ ಬಂದರೆ ಗಾಬರಿ ಬೇಡ. ಅದು ಆಕ್ಸಿಡೀಕರಣಕ್ಕೆ ತದ್ವಿರುದ್ಧ ಸ್ಥಿತಿ, ಗಾಳಿ ತಾಗಿದಂತೆ ಸಾಮಾನ್ಯವಾಗಿ ಇಳಿಯುತ್ತದೆ. ನೆನೆದ ರಟ್ಟಿನ ವಾಸನೆ ಬಂದರೆ ಟಿಸಿಎ, ಕಾರ್ಕಿನ ಬೇರೊಂದು ರೋಗ. ಸೇಬು, ಜೇನು, ಮೆಂತ್ಯ ಬಂದು, ಇಪ್ಪತ್ತು ನಿಮಿಷದಲ್ಲಿ ಇನ್ನೂ ಹೆಚ್ಚಾದರೆ ಪ್ರೆಮಾಕ್ಸ್. ಡಿಕ್ಯಾಂಟರಿಗೆ (ವೈನಿಗೆ ಗಾಳಿಯಾಡಿಸುವ ಗಾಜಿನ ಹೂಜಿ) ಸುರಿದು ಸರಿಮಾಡಲು ಹೋಗಬೇಡಿ, ಅದಕ್ಕೆ ಗಾಳಿಯೇ ವಿಷ.

ವಿದೇಶದಿಂದ ಊರಿಗೆ ಬರುವಾಗ ಸುಂಕವಿಲ್ಲದೆ ತರಲು ಬಿಡುವುದು 2 ಲೀಟರ್, ಅಂದರೆ 750 ಮಿಲಿಯ ಎರಡು ಬಾಟಲಿ. ಆ ಎರಡರಲ್ಲಿ ಒಂದನ್ನು 1990ರ ದಶಕದ ಹರಾಜಿನ ಬಾಟಲಿಗೆ ಕೊಡುವುದಕ್ಕಿಂತ ನಾಲ್ಕೈದು ವರ್ಷದ, ಮುಚ್ಚಳ ಯಾವುದೆಂದು ಗೊತ್ತಿರುವ ವೈನ್ ತನ್ನಿ. ಬೆಂಗಳೂರಿನ ಮಾರ್ಚ್-ಏಪ್ರಿಲ್‌ನಲ್ಲಿ ಅಟ್ಟದ ಮೇಲಾಗಲಿ ಅಡುಗೆಮನೆ ಶೆಲ್ಫಿನಲ್ಲಾಗಲಿ ಇಡಬೇಡಿ. ಸೆಕೆ ಹೆಚ್ಚಿದಷ್ಟೂ ಗಂಧಕ ಬೇಗ ಖರ್ಚಾಗುತ್ತದೆ. ವೈನ್ ಫ್ರಿಜ್ ಇಲ್ಲದಿದ್ದರೆ ಮಾಮೂಲಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಮಲಗಿಸಿ, ಒಂದೆರಡು ತಿಂಗಳೊಳಗೆ ಕುಡಿಯಿರಿ.

ಕೆಟ್ಟದ್ದು ಸಿಕ್ಕರೆ ಉಳಿದದ್ದಕ್ಕೆ ಕಾರ್ಕ್ ಹಾಕಿ, ಲೋಟದ ಬಣ್ಣ, ಕಾರ್ಕ್, ಲೇಬಲ್ಲಿನ ಫೋಟೋ ತೆಗೆದು ಮರುದಿನವೇ ಅಂಗಡಿಗೆ ತಿಳಿಸಿ. ಈಚೆಗೆ ಕೊಂಡ ಎಳೆಯ ಬಾಟಲಿಯಾದರೆ ಒಳ್ಳೆಯ ಅಂಗಡಿಯವರು ಬದಲಿ ಕೊಡುವುದುಂಟು. ಹರಾಜಿನಲ್ಲಿ ಕೊಂಡ ಹಳೆಯದಕ್ಕೆ ಸಾಮಾನ್ಯವಾಗಿ ಬಿಡಿಗಾಸೂ ವಾಪಸ್ಸು ಬರುವುದಿಲ್ಲ.