ಸ್ಯಾನ್ ಫ್ರಾನ್ಸಿಸ್ಕೋದ ಎಸ್‌ಎಫ್‌ಮೋಮಾ: ಮಾತಿಸ್ ನೋಡಿ ಅಷ್ಟಕ್ಕೇ ವಾಪಸ್ ಬರಬೇಡಿ

ಬೇ ಏರಿಯಾದ ನಮ್ಮವರು ಊರಿಂದ ಯಾರೇ ಬಂದರೂ ಗೋಲ್ಡನ್ ಗೇಟ್ ತೋರಿಸಿ ಮುಗಿಸಿಬಿಡುತ್ತಾರೆ. ಥರ್ಡ್ ಸ್ಟ್ರೀಟ್‌ನ ಈ ಆಧುನಿಕ ಕಲೆಯ ಮ್ಯೂಸಿಯಂಗೂ ಅರ್ಧ ದಿನ ಕೊಡಿ. ಬಣ್ಣದ ಹುಚ್ಚಿದ್ದವರಂತೂ ತಪ್ಪಿಸಲೇಬಾರದು.

ಮೊದಲು ಫ್ರಾನ್ಸಿನ ಚಿತ್ರಕಾರ ಮಾತಿಸ್ ಬರೆದ 'ಹ್ಯಾಟ್ ಹಾಕಿದ ಹೆಂಗಸು'. ಕೂತಿರುವುದು ಅವನ ಹೆಂಡತಿ ಅಮೆಲಿ. ಹಣೆಯಿಂದ ಮೂಗಿನವರೆಗೆ ಹಸಿರು, ಕುತ್ತಿಗೆ ಕಿತ್ತಳೆ, ಹಿಂದೆ ಗೋಡೆಯೂ ಇಲ್ಲ ಪರದೆಯೂ ಇಲ್ಲ, ಬರೀ ಬಣ್ಣದ ತೇಪೆಗಳು. ಹತ್ತಿರ ಹೋದರೆ ಅಲ್ಲಲ್ಲಿ ಬಣ್ಣವೇ ತಾಗದ ಕ್ಯಾನ್ವಾಸ್ ಕಾಣುತ್ತದೆ. 1905ರಲ್ಲಿ ಪ್ಯಾರಿಸ್‌ನ ಒಂದು ಪ್ರದರ್ಶನದಲ್ಲಿ ಜನ ಇದನ್ನು ನೋಡಿ ನಕ್ಕಿದ್ದರು. ಕಣ್ಣಿಗೆ ಕಂಡ ಬಣ್ಣ ಬಿಟ್ಟು ತಮಗೆ ಬೇಕೆನಿಸಿದ ಗಾಢ ಬಣ್ಣ ಹಚ್ಚುವ ಫೋವಿಸಂ ಅನ್ನೋ ಚಿತ್ರಪಂಥ ಶುರುವಾಗಿದ್ದೇ ಆ ಪ್ರದರ್ಶನದಿಂದ, ಕೆಲವೇ ವರ್ಷಕ್ಕೆ ಮುಗಿದೂ ಹೋಯಿತು. ಆದರೆ ಅದರ ಪ್ರಭಾವ ಮುಗಿಯಲಿಲ್ಲ, ಅದನ್ನು ಇದೇ ಕಟ್ಟಡದಲ್ಲಿ ಕಣ್ಣಾರೆ ನೋಡಬಹುದು.

ಅದಕ್ಕೆ ಕ್ಯಾಲಿಫೋರ್ನಿಯಾದ ಚಿತ್ರಕಾರ ರಿಚರ್ಡ್ ಡೀಬೆನ್‌ಕಾರ್ನ್ ಚಿತ್ರಗಳನ್ನು ಹುಡುಕಿ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುವಾಗ, 1943ರಲ್ಲಿ, ಇವನು ಪಾಲೊ ಆಲ್ಟೊದಲ್ಲಿದ್ದ ಕಲಾಸಂಗ್ರಾಹಕಿ ಸಾರಾ ಸ್ಟೈನ್ ಮನೆಗೆ ಹೋಗಿ ಅಲ್ಲಿದ್ದ ಮಾತಿಸ್ ಚಿತ್ರಗಳನ್ನು ನೋಡಿದ್ದ. ಇವನ 1963ರ 'ಸಿಟಿಸ್ಕೇಪ್' ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ನಡುವೆ ಮೇಲಕ್ಕೆ ಏರುವ ರಸ್ತೆ, ಎಡಗಡೆ ಮನೆಗಳು, ಬಲಗಡೆ ಖಾಲಿ ಜಾಗ, ಅಲ್ಲಿ ಹಸಿರು ಹಳದಿಯ ಅಗಲ ಪಟ್ಟಿಗಳು. ಮೊದಲ ನೋಟಕ್ಕೆ ಮಾತಿಸ್‌ಗೂ ಇದಕ್ಕೂ ಏನು ಸಂಬಂಧ ಅನ್ನಿಸುತ್ತೆ, ಅಲ್ವಾ? ಇಲ್ಲಿ ಅಷ್ಟು ಕೆಂಪೂ ಇಲ್ಲ, ಆ ಅಬ್ಬರವೂ ಇಲ್ಲ. ಆದರೆ ಬೆಟ್ಟ ಎಷ್ಟು ಕಡಿದು, ಬಿಸಿಲು ಎಷ್ಟು ಜೋರು, ಎಲ್ಲವನ್ನೂ ಹೇಳುತ್ತಿರುವುದು ಒಂದರ ಪಕ್ಕ ಇಟ್ಟ ಇನ್ನೊಂದು ಬಣ್ಣ. ಅಮೆಲಿಯ ಮುಖದಲ್ಲಿ ಹಸಿರು ಮಾಡಿದ ಕೆಲಸವೂ ಅದೇ. ಜಾಸ್ತಿ ಬಣ್ಣ ಬಳಿದವರೆಲ್ಲ ಫೋವಿಸ್ಟರ ವಾರಸುದಾರರು ಅಂತ ಸುಮ್ನೆ ಹೇಳ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಬಣ್ಣದಿಂದಲೇ ಚಿತ್ರ ಕಟ್ಟುವುದನ್ನು ಕಲಿತವನು ನಿಜವಾದ ವಾರಸುದಾರ.

1964ರಲ್ಲಿ ಡೀಬೆನ್‌ಕಾರ್ನ್ ರಷ್ಯಾಕ್ಕೆ ಹೋಗಿ ಅಲ್ಲಿನ ಮಾತಿಸ್ ಸಂಗ್ರಹವನ್ನೂ ನೋಡಿ ಬಂದ. 1967ರಿಂದ 'ಓಷನ್ ಪಾರ್ಕ್' ಅನ್ನೋ ಅವನ ಅಮೂರ್ತ ಚಿತ್ರಗಳ ಸರಣಿ ಶುರು. ಅದರ 54ನೇ ಚಿತ್ರವೂ ಇದೇ ಮ್ಯೂಸಿಯಂನದು. ತೆಳು ಬಣ್ಣದ ಕೆಳಗೆ, ಅಳಿಸಿ ತಿದ್ದಿದ ಗೆರೆಗಳನ್ನು ಅವನು ಮುಚ್ಚಿಡುವುದಿಲ್ಲ. ಮೊಬೈಲ್ ಫೋಟೋದಲ್ಲಿ ಅವು ಕಾಣುವುದೇ ಇಲ್ಲ, ಅದಕ್ಕೇ ಎದುರಿಗೆ ನಿಂತು ನೋಡಬೇಕು.

ಟಿಕೆಟ್ ಅಗ್ಗವಲ್ಲ, ಆದರೆ 18 ವರ್ಷದವರೆಗಿನ ಮಕ್ಕಳಿಗೆ ಉಚಿತ. ಗೋಡೆಯ ಮೇಲಿನ ಚಿತ್ರಗಳನ್ನು ಆಗಾಗ ಬದಲಿಸುತ್ತಾರೆ, ಹೊರಡುವ ಮುಂಚೆ ಡೀಬೆನ್‌ಕಾರ್ನ್‌ದು ಯಾವುದು ಹಾಕಿದ್ದಾರೆ ಅಂತ ಅವರ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.