ಪತಂಗ ದಾಖಲೆಗೆ ತರಿಸಿದ ದೀಪದ ಸೆಟ್: ಒಂದು ಬೇಸಿಗೆ ಬಳಸಿದ ಮೇಲೆ

ಸಾಗರದ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಿಗೆ ರಾತ್ರಿ ಯಾವ ಯಾವ ಪತಂಗಗಳು ಬಂದು ಹೋಗುತ್ತವೆ ಎಂಬುದನ್ನು ಈ ಬೇಸಿಗೆಯಲ್ಲಿ ಕ್ರಮವಾಗಿ ದಾಖಲಿಸಬೇಕೆಂದು ನಿಶ್ಚಯಿಸಿ, ಮಾರ್ಚ್ ತಿಂಗಳಲ್ಲಿ 2,850 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಒಂದು ದೀಪದ ಸೆಟ್ ತರಿಸಿಕೊಂಡೆ. ಪೆಟ್ಟಿಗೆಯಲ್ಲಿ ಪವರ್ ಬ್ಯಾಂಕಿಗೆ ಸಿಕ್ಕಿಸುವ 10 ವಾಟ್‌ನ ನೇರಳಾತೀತ ಎಲ್‌ಇಡಿ ದೀಪ, ಮಡಚಿಡಬಹುದಾದ ಬಿಳಿಯ ಪರದೆ, ಅದನ್ನು ನಿಲ್ಲಿಸಲು ನಾಲ್ಕು ಕಡ್ಡಿ ಮತ್ತು ಒಂದು ಪುಟದ ಸೂಚನಾಪತ್ರ ಇದ್ದವು. ಇದೇ ಅಚ್ಚಿನ ಸೆಟ್‌ಗಳು ಹಲವು ಹೆಸರುಗಳಲ್ಲಿ ಸಿಗುವುದರಿಂದ ಮಾರಿದವರ ಹೆಸರು ಇಲ್ಲಿ ಮುಖ್ಯವಲ್ಲ.

ಪತಂಗಗಳನ್ನು ನೋಡಿ ಸಂತೋಷಪಡುವುದಕ್ಕೂ ಅವುಗಳನ್ನು ದಾಖಲಿಸುವುದಕ್ಕೂ ಬೇಕಾದ ದೀಪ ಒಂದೇ ಅಲ್ಲ. ನೋಡುವುದಷ್ಟೇ ಆದರೆ ಬೆಳಕು ಎಷ್ಟು ಪ್ರಖರವಾಗಿದ್ದರೆ ಅಷ್ಟು ಒಳ್ಳೆಯದು. ದಾಖಲೆಗಾದರೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅಷ್ಟೇ ಬೆಳಕು ಪ್ರತಿ ರಾತ್ರಿಯೂ ಸಿಗಬೇಕು, ಇಲ್ಲವಾದರೆ ನಿನ್ನೆ ಮೂವತ್ತು ಬಂದು ಇಂದು ಹತ್ತೇ ಬಂದದ್ದಕ್ಕೆ ಕಾರಣ ಹವೆಯೋ ದೀಪವೋ ಎಂದು ಹೇಳಲಾಗುವುದಿಲ್ಲ. ಹೋದ ವರ್ಷ ನಾನು 160 ವಾಟ್‌ನ ಪಾದರಸದ ಬಲ್ಬನ್ನು ನೇರವಾಗಿ ಹೋಲ್ಡರಿಗೆ ಹಾಕಿ ನೋಡಿದ್ದೆ. ಪತಂಗಗಳು ಧಾರಾಳವಾಗಿ ಬಂದವು, ಆದರೆ ಕಾದ ಗಾಜಿನ ಮೇಲೆ ನಾಲ್ಕು ಹನಿ ಮಳೆ ಬಿದ್ದು ಬಲ್ಬು ಒಡೆಯಿತು, ಕರೆಂಟು ಹೋದಾಗಲೆಲ್ಲ ದಾಖಲೆ ನಿಂತಿತು, ಪಕ್ಕದ ಮನೆಯವರು ಏನಾದರೂ ಶುಭಕಾರ್ಯವೇ ಎಂದು ವಿಚಾರಿಸಿದರು. ಆದ್ದರಿಂದ ಈ ಸಣ್ಣ ದೀಪದಿಂದ ನಾನು ಬಯಸಿದ್ದು ಹೆಚ್ಚು ಬೆಳಕನ್ನಲ್ಲ, ತಪ್ಪದೆ ಉರಿಯುವ ಗುಣವನ್ನು.

ದೀಪದ ಮಟ್ಟಿಗೆ ಹಣಕ್ಕೆ ಮೋಸವಿಲ್ಲ. ಪೆಟ್ಟಿಗೆಯ ಮೇಲೆ ಬೆಳಕಿನ ತರಂಗಾಂತರ 365 ನ್ಯಾನೊಮೀಟರ್ ಎಂದು ಬರೆದಿರುವುದನ್ನು ಕುರುಡಾಗಿ ನಂಬಬಾರದು. ಪತಂಗಗಳ ಕಣ್ಣಿಗೆ ಚೆನ್ನಾಗಿ ತಾಗುವ ಈ ಬೆಳಕು ನಮ್ಮ ಕಣ್ಣಿಗೆ ಮಂಕಾಗಿ, ಬೂದು ಬೆರೆತ ಬಿಳಿಯಂತೆ ಕಾಣುತ್ತದೆಯೇ ಹೊರತು ಆರ್ಕೆಸ್ಟ್ರಾ ವೇದಿಕೆಯ ಕಡು ನೇರಳೆಯಂತಲ್ಲ, ಹಾಗೆ ಕಂಡರೆ ಅದು 395ರ ಆಸುಪಾಸಿನದು. ನಮ್ಮದು ಮಂಕಾಗಿಯೇ ಇತ್ತು. ಅದರ ಮುಂದೆ ಐನೂರರ ನೋಟು ಹಿಡಿದಾಗ ಸಂಖ್ಯೆಯ ಪಟ್ಟಿಯೂ ಕಾಗದದೊಳಗಿನ ಸಣ್ಣ ಎಳೆಗಳೂ ಸ್ಪಷ್ಟವಾಗಿ ಹೊಳೆದವು. ಆದರೆ ಈ ಬೆಳಕನ್ನು ನೆಟ್ಟ ನೋಟದಿಂದ ನೋಡಬಾರದು, ಹತ್ತಿರ ಕೆಲಸ ಮಾಡುವಾಗ ನೇರಳಾತೀತ ಕಿರಣ ತಡೆಯುವ ಕನ್ನಡಕ ಧರಿಸಬೇಕು ಎಂಬ ಮಾತು ಸೂಚನಾಪತ್ರದಲ್ಲಿ ಎಲ್ಲಿಯೂ ಇಲ್ಲ. ಮಕ್ಕಳಿರುವ ಮನೆಗಳಲ್ಲಿ ಇದು ಸಣ್ಣ ಲೋಪವಲ್ಲ.

ಪರದೆಯನ್ನು ಮಾತ್ರ ಮೂರನೆಯ ರಾತ್ರಿಯೇ ಮಡಚಿ ಅಟ್ಟಕ್ಕೆ ಹಾಕಿದೆ. ಅದು ಪಾಲಿಯೆಸ್ಟರ್ ಬಟ್ಟೆ. ಕೂರಲು ಬಂದ ಪತಂಗಗಳು ಕಾಲೂರಲು ಆಗದೆ ಜಾರಿ ಜಾರಿ ಬುಡದ ಹುಲ್ಲಿಗೆ ಬೀಳುತ್ತಿದ್ದವು, ಅಲ್ಲಿ ಎರಡು ಕಪ್ಪೆಗಳು ಊಟಕ್ಕೆ ಕಾದು ಕುಳಿತಿದ್ದವು. ಅಮ್ಮನ ಆಕ್ಷೇಪಣೆಯ ನಡುವೆಯೂ ಅಪ್ಪನ ಹಳೆಯ ಹತ್ತಿ ಪಂಚೆಯನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಇಳಿಬಿಟ್ಟ ಮೇಲೆ ಆ ತೊಂದರೆ ತಪ್ಪಿತು: ನೇಯ್ಗೆಯ ಎಳೆಗಳಿಗೆ ಉಗುರು ಸಿಕ್ಕಿಸಿಕೊಂಡು ಪತಂಗಗಳು ಗಂಟೆಗಟ್ಟಲೆ ಅಲುಗದೆ ಕೂರುತ್ತವೆ, ಫೋಟೊ ತೆಗೆಯಲು ಅಷ್ಟು ಸಾಕು. ಬಟ್ಟೆ ತೊಳೆಯುವ ಪುಡಿಯಲ್ಲಿ ಬಿಳುಪು ಹೆಚ್ಚಿಸಲು ಹಾಕುವ ರಾಸಾಯನಿಕದಿಂದಾಗಿ ಪಂಚೆ ಈ ದೀಪದೆದುರು ತಾನೂ ನೀಲಿಯಾಗಿ ಬೆಳಗುತ್ತದೆ.

ದೀಪವನ್ನು ನೆಲದ ಮೇಲೆ ಮುಖ ಮೇಲಾಗಿ ಇಡಬೇಕೆಂದು ಸೂಚನಾಪತ್ರದಲ್ಲಿ ಚಿತ್ರಸಮೇತ ಹೇಳಿರುವುದು ಕೂಡ ಸರಿಯಲ್ಲ. ಹಾರುವ ಕೀಟಗಳು ಬೆಳಕಿನತ್ತ ತಮ್ಮ ಬೆನ್ನನ್ನು ತಿರುಗಿಸುತ್ತವೆ, ಕತ್ತಲಲ್ಲಿ ಆಕಾಶವೇ ಬೆಳ್ಳಗಿರುವುದರಿಂದ ಮೇಲು ಯಾವುದು ಕೆಳಗು ಯಾವುದು ಎಂದು ಅವು ತಿಳಿಯುವುದು ಹೀಗೆಯೇ ಎಂದು 2024ರಲ್ಲಿ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ವೇಗದ ಕ್ಯಾಮೆರಾಗಳಿಂದ ತೋರಿಸಿಕೊಟ್ಟಿದೆ. ಬೆಳಕು ಕೆಳಗಿನಿಂದ ಬಂದರೆ ಅವು ಮಗುಚಿಕೊಂಡು ನೆಲಕ್ಕೆ ಬೀಳುತ್ತವೆ. ದೀಪವನ್ನು ಹಗ್ಗದ ಎತ್ತರಕ್ಕೆ ಕಟ್ಟಿದ ಮೇಲೆ ನಮ್ಮಲ್ಲಿ ಬೀಳುವುದು ಬಹಳ ಕಡಿಮೆಯಾಯಿತು. ಅದೇ ಅಧ್ಯಯನದಲ್ಲಿ ಕಣಗಿಲೆ ಪತಂಗ ಹೀಗೆ ಬೆನ್ನು ತಿರುಗಿಸದೆ ದೀಪದ ಮೇಲಿಂದ ಹಾರಿಹೋಯಿತೆಂದಿದೆ. ಏಪ್ರಿಲ್‌ನಲ್ಲಿ ನಮ್ಮ ನಂದಿಬಟ್ಟಲಿನ ಎಲೆಗಳನ್ನು ಅದರ ಹಸಿರು ಮರಿಹುಳುಗಳು ಬೋಳಿಸಿದವು, ಆದರೆ ಬೇಸಿಗೆಯುದ್ದಕ್ಕೂ ಒಂದೇ ಒಂದು ಕಣಗಿಲೆ ಪತಂಗವೂ ಪಂಚೆಯ ಮೇಲೆ ಕೂರಲಿಲ್ಲ. ಪರದೆಯ ಪಟ್ಟಿಯೇ ಹಿತ್ತಲಿನ ಪಟ್ಟಿಯಲ್ಲವೆಂದು ಅಂದಿನಿಂದ ಮರಿಹುಳುಗಳಿಗೂ ಪುಸ್ತಕದಲ್ಲಿ ಒಂದು ಕಾಲಂ ಹಾಕಿದೆ.

ನನ್ನ ದೊಡ್ಡ ದೂರು ಇರುವುದು ತಂತಿಯ ಬಗ್ಗೆ. ಪೂರ್ತಿ ಚಾರ್ಜಾದ 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ದೀಪ ಐದು ಗಂಟೆ ಉರಿಯುತ್ತದೆ ಎಂದು ಬರೆದಿದ್ದಾರೆ; ಲೆಕ್ಕ ಹಾಕಿದರೆ ಅದರಲ್ಲಿರುವುದೇ 37 ವಾಟ್ ಗಂಟೆ, ನಡುವಿನ ನಷ್ಟ ಕಳೆದರೆ 10 ವಾಟ್‌ನ ದೀಪಕ್ಕೆ ಎರಡೂವರೆಯಿಂದ ಮೂರು ಗಂಟೆ ಸಿಕ್ಕಿದರೆ ಹೆಚ್ಚು. ರಾತ್ರಿ ಏಳೂವರೆಯಿಂದ ಹತ್ತರವರೆಗಿನ ನನ್ನ ಕೆಲಸಕ್ಕೆ ಅಷ್ಟು ಸಾಕಾಗಿತ್ತು. ಆದರೆ ಭರಣಿ ಮಳೆಯ ಮೊದಲ ಸುರಿತದ ದಿನ ತಂತಿ ದೀಪಕ್ಕೆ ಸೇರುವಲ್ಲಿ ನೀರು ಇಳಿದು, ಮರುದಿನ ಸಂಜೆ ದೀಪ ಹೊತ್ತಲೇ ಇಲ್ಲ. ನೀರು ತಾಗಿದರೂ ಕೆಡದು ಎಂಬ ಅವರದೇ ಮಾತನ್ನು ಉಲ್ಲೇಖಿಸಿ ಬರೆದದ್ದಕ್ಕೆ ಮಾರಾಟಗಾರರು ಮೊದಲು ವಿಡಿಯೊ ಕೇಳಿದರು, ಆಮೇಲೆ ಮೂಲ ಪೆಟ್ಟಿಗೆ ಕೇಳಿದರು, ಕೊನೆಗೆ ಹನ್ನೊಂದು ದಿನಗಳ ಬಳಿಕ ಬೇರೆ ತಂತಿ ಕಳಿಸಿದರು. ಒಣಗಿದ ನೆಲಕ್ಕೆ ಮೊದಲ ಮಳೆ ಬಿದ್ದು ಸೆಕೆಯೇರಿದ ರಾತ್ರಿಗಳಷ್ಟು ಪತಂಗಗಳು ಬೇರೆ ಯಾವಾಗಲೂ ಬರುವುದಿಲ್ಲ. ನನ್ನ ಪುಸ್ತಕದಲ್ಲಿ ಸರಿಯಾಗಿ ಆ ಹನ್ನೊಂದು ಸಾಲುಗಳೇ ಖಾಲಿ. ಹೊಸ ತಂತಿಯ ಕೂಡುವೆಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದೇನೆ, ಈವರೆಗೆ ತೊಂದರೆಯಿಲ್ಲ.

ಉಳಿದ ರಾತ್ರಿಗಳಲ್ಲಿ ಈ ದೀಪ ಒದಗಿಸಿದ ಮಾಹಿತಿ ಕಡಿಮೆಯದಲ್ಲ. ಕಂದು ರೆಕ್ಕೆಗೆ ಅಡ್ಡಲಾಗಿ ಬಿಳಿ ಪಟ್ಟಿಯಿರುವ ಸ್ಪೊಲಾಡಿಯಾ ರಿಕರ್ವಾಲಿಸ್ ಎಂಬ ಚಿಕ್ಕ ಪತಂಗ ಏಪ್ರಿಲ್ ಎರಡನೆಯ ವಾರದಲ್ಲಿ ಒಮ್ಮೆಲೆ ಹೆಚ್ಚಿತು, ಹತ್ತು ಹನ್ನೆರಡು ದಿನಗಳಲ್ಲಿ ಹರಿವೆ ಮಡಿಯ ಎಲೆಗಳು ಬಲೆಕಟ್ಟಿ ಮುದುಡಿದವು. ಸೌತೆ ಬಳ್ಳಿಯ ಡಯಾಫಾನಿಯಾ ಇಂಡಿಕಾ ಅದಕ್ಕಿಂತ ಚೆಲುವೆ: ಮುತ್ತಿನಂತೆ ಬೆಳ್ಳಗಿನ ರೆಕ್ಕೆ, ಸುತ್ತ ಕಡುಗಂದು ಅಂಚು, ಹೊಟ್ಟೆಯ ತುದಿಯಲ್ಲಿ ಕುಂಚದಂಥ ಕೂದಲ ಗೊಂಚಲನ್ನು ಅರಳಿಸಿ ಆಡಿಸುತ್ತ ಕೂರುತ್ತದೆ. ಮುಸುಕಿನ ಜೋಳ ಬೆಳೆಯುವವರಿಗೆ ಇಂಥ ದಾಖಲೆಯ ಬೆಲೆ ಬೇರೆ ಹೇಳಬೇಕಿಲ್ಲ. ಜೋಳದ ಬೆಳೆಯನ್ನು ತಿನ್ನುವ, ಪತಂಗವೊಂದರ ಮರಿಹುಳುವಾದ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮದೇ ಶಿವಮೊಗ್ಗದ ಹೊಲಗಳಲ್ಲಿ. ಹುಣ್ಣಿಮೆಯ ಆಚೀಚಿನ ನಾಲ್ಕೈದು ರಾತ್ರಿ ಪಂಚೆ ಬಹುತೇಕ ಬರಿದಾಗಿರುತ್ತದೆ, ಇದಕ್ಕೆ ದೀಪವನ್ನು ದೂರುವಂತಿಲ್ಲ.

ಹೆಸರು ಹಚ್ಚಲು ಐನ್ಯಾಚುರಲಿಸ್ಟ್ ಮತ್ತು ಮಾತ್ಸ್ ಆಫ್ ಇಂಡಿಯಾ ಜಾಲತಾಣಗಳನ್ನು ಬಳಸಿದೆ, ಎರಡೂ ಉಚಿತ. ಮೊದಲನೆಯದರಲ್ಲಿ ಫೋಟೊ ಹಾಕಿದೊಡನೆ ಯಂತ್ರವೇ ಹೆಸರು ಸೂಚಿಸುತ್ತದೆ, ಬಳಿಕ ಬಲ್ಲವರು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಮನೆಯ ನಿಖರ ಸ್ಥಳ ಕಾಣದಂತೆ ಮಸುಕುಗೊಳಿಸುವ ಆಯ್ಕೆಯೂ ಇದೆ, ಹಿತ್ತಲಿನಲ್ಲಿ ದಾಖಲಿಸುವವರು ಅದನ್ನು ಮರೆಯಬಾರದು. ಸಣ್ಣ ಕಂದು ಪತಂಗಗಳಲ್ಲಿ ಎಷ್ಟೋ ಬಗೆಗಳನ್ನು ಫೋಟೊದಿಂದ ಪ್ರಭೇದದವರೆಗೆ ಗುರುತಿಸಲು ಬರುವುದಿಲ್ಲ. ಅಂಥವನ್ನು ಕುಲದ ಹೆಸರಿಗೇ ನಿಲ್ಲಿಸಿದ್ದೇನೆ.

ಕೊಳ್ಳುವವರು ದೀಪ ಮಾತ್ರ ಬಿಡಿಯಾಗಿ ಸಿಗುವುದೇ ಎಂದು ವಿಚಾರಿಸಲಿ, ಪರದೆಗೆ ಹಣ ಹಾಕುವುದು ವ್ಯರ್ಥ. ಹತ್ತಕ್ಕೆ ದೀಪ ಆರಿಸಿ ಪಂಚೆಯನ್ನು ಗಿಡಗಳ ಮೇಲೆ ಮೆಲ್ಲಗೆ ಕೊಡವಿಬಿಡಬೇಕು, ಹಾಗೆಯೇ ಬಿಟ್ಟರೆ ಬೆಳಕು ಹರಿಯುವ ಮೊದಲೇ ಮಡಿವಾಳ ಹಕ್ಕಿ ಬಂದು ಒಂದೊಂದಾಗಿ ಆರಿಸಿ ತಿನ್ನುತ್ತದೆ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದ ಮೇಲೆ ದೀಪವನ್ನು ಒಳಗಿಟ್ಟಿದ್ದೇನೆ. ಅಮೆರಿಕದಲ್ಲಿ 2012ರಿಂದ ಆರಂಭವಾಗಿ ಈಗ ಅನೇಕ ದೇಶಗಳಲ್ಲಿ ನಡೆಯುವ ಪತಂಗ ಸಪ್ತಾಹ ಬರುವುದು ಜುಲೈ ಕೊನೆಗೆ, ಅಂದರೆ ಇಲ್ಲಿ ಹಗಲಿರುಳು ಮಳೆ ಹೊಯ್ಯುವ ಕಾಲಕ್ಕೆ. ಅದಕ್ಕೆಂದು ಜಗಲಿಯ ಅಡ್ಡೆಗೆ ಎರಡು ಮೊಳೆ ಹೊಡೆದು, ಒಂದು ಪಂಚೆಯನ್ನು ಒಗೆದು ಮಡಚಿಟ್ಟಿದ್ದೇನೆ.