800 ರೂಪಾಯಿಯ ಮೀಟರ್, ಏಳು ಮಳೆಗಾಲ

ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಮಳೆಗಾಲ ಶುರುವಾಯಿತೆಂದರೆ ಸ್ಟಾರ್ಟರ್, ಇನ್ವರ್ಟರ್, ಬೇಲಿಯ ಯಂತ್ರ ಎಲ್ಲಕ್ಕೂ ಶೀತ ಹಿಡಿಯುತ್ತದೆ. ರಿಪೇರಿಯವರು ಬರುವುದಕ್ಕೆ ಎರಡು ದಿನ ಬೇಕು. ಏಳು ವರ್ಷದ ಹಿಂದೆ ಶಿವಮೊಗ್ಗಕ್ಕೆ ಹೋದಾಗ 800 ರೂಪಾಯಿ ಕೊಟ್ಟು ವೋಲ್ಟೇಜು, ಕರೆಂಟು, ರೋಧ ಅಳೆಯುವ ಸಾದಾ ಡಿಜಿಟಲ್ ಮಲ್ಟಿಮೀಟರ್ ತಂದದ್ದು ಈ ಕಾರಣಕ್ಕೆ. ಕಂಪನಿಯ ಹೆಸರು ಮುಖ್ಯವಲ್ಲ, ಅಂಥವು ಹತ್ತಾರು ಸಿಗುತ್ತವೆ.

ಇದು ನನಗೆ ಕಲಿಸಿದ ದೊಡ್ಡ ಉಪಾಯ ನಡುವಿನಿಂದ ಹುಡುಕುವುದು. ಮೊದಲ ವರ್ಷ ಪಂಪ್‌ಸೆಟ್ಟಿಗೆ ಕರೆಂಟು ಬಾರದಿದ್ದಾಗ ಮನೆಯಿಂದ ಹೊರಟು ಒಂದೊಂದೇ ಜಾಯಿಂಟು ಬಿಚ್ಚುತ್ತ, ಇಂಬಳ ಕಚ್ಚಿಸಿಕೊಳ್ಳುತ್ತ ಅರ್ಧ ದಿನ ಕಳೆದೆ. ಈಗ ನೇರವಾಗಿ ನಡುಗಂಬಕ್ಕೆ ಹೋಗಿ ಮೀಟರಿನ ವೈರಿನ ತುದಿಯ ಕಡ್ಡಿ ಹಿಡಿಯುತ್ತೇನೆ. ಅಲ್ಲಿ 230 ವೋಲ್ಟ್ ಇದ್ದರೆ ಮೇಲಿನ ಅರ್ಧ ಲೈನಿನ ಚಿಂತೆ ಬಿಟ್ಟಂತೆ. ಗುಡ್ಡದಿಂದ ಬರುವ ಅಬ್ಬಿ ನೀರಿಗೂ ಇದೇ ಲೆಕ್ಕ. ನಮ್ಮದು 64 ಪೈಪುಗಳ ಸಾಲು. ಕಳೆದ ವರ್ಷ ನೀರು ನಿಂತಾಗ ಚಿಕ್ಕಪ್ಪ ಮೇಲಿನಿಂದ ಬಿಚ್ಚುತ್ತ ಬರುತ್ತೇನೆಂದು ಹೊರಟಿದ್ದರು. 32ನೇ ಪೈಪಿನ ಹತ್ತಿರ ಬಿಚ್ಚಿದೆವು, ನೀರಿತ್ತು, 48ರಲ್ಲಿ ಇರಲಿಲ್ಲ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಆರನೇ ಸಲಕ್ಕೆ ಯಾವ ಪೈಪೆಂದು ತಿಳಿಯುತ್ತದೆ. ಒಳಗೆ ಎಲೆಗಳ ಮುದ್ದೆ, ಜೊತೆಗೊಂದು ಏಡಿ. "ಮಾಣಿ, ನೀರಿಗೂ ಮೀಟರು ಹಿಡಿಯುತ್ತೀಯಲ್ಲೋ" ಎಂದರು ಚಿಕ್ಕಪ್ಪ. ಮೀಟರ್ ಮನೆಯಲ್ಲೇ ಇತ್ತು.

ಆದರೆ ಇದು ಸುಳ್ಳೂ ಹೇಳುತ್ತದೆ. ಎಲ್ಲಿಗೂ ಜೋಡಿಸದ ಖಾಲಿ ವೈರು ಒಮ್ಮೆ 90 ವೋಲ್ಟ್ ತೋರಿಸಿತು. ಅದರ ಸಾಲು ಹಿಡಿದು ಒಂದು ಸಂಜೆ ಹಾಳು ಮಾಡಿಕೊಂಡೆ. ಪಕ್ಕದಲ್ಲೇ ಓಡುವ ಜೀವಂತ ವೈರಿನಿಂದ ಜಿನುಗುವ ಸುಳ್ಳು ವೋಲ್ಟೇಜು ಅದು. ಮೀಟರಿನ ಒಳರೋಧ ಮೆಗಾಓಮ್ ಲೆಕ್ಕದಲ್ಲಿರುವುದರಿಂದ ಅಷ್ಟು ಜಿನುಗೂ ಅದಕ್ಕೆ ಕಾಣುತ್ತದೆ. ಹೋಲ್ಡರಿಗೆ 60 ವಾಟಿನ ಹಳೆಯ ಬಲ್ಬು ಸಿಕ್ಕಿಸಿ ನೋಡಿದರೆ ಸುಳ್ಳು ಕರೆಂಟು ಅಲ್ಲೇ ಬಿದ್ದುಹೋಗುತ್ತದೆ. ಆ ಬಲ್ಬು ಈಗ ಮೀಟರಿನ ಜೊತೆಗೇ ಇರುತ್ತದೆ. ಇನ್ನೊಂದು ಸಲ ಮನೆಯ ಲೈನಿನಲ್ಲಿ 270 ತೋರಿಸಿ ಗಾಬರಿಯಾಗಿ ಫ್ರಿಜ್ ಆರಿಸಿದೆವು. ತಪ್ಪು ಲೈನಿನದಲ್ಲ, ಮೀಟರಿನ 9 ವೋಲ್ಟ್ ಬ್ಯಾಟರಿ ಸೊರಗಿತ್ತು. ಬ್ಯಾಟರಿ ಇಳಿದಾಗ ಇಂಥ ಅಗ್ಗದ ಮೀಟರುಗಳು ಅಂಕಿ ಏರಿಸಿ ತೋರಿಸುತ್ತವೆ.

ಮೋಟರು ನೀರು ಕುಡಿದಿದೆಯೇ ಎಂದು ಕೇಳಿದರೆ ಇದಕ್ಕೆ ಉತ್ತರ ಗೊತ್ತಿಲ್ಲ. ಒಮ್ಮೆ ವೈಂಡಿಂಗು, ಅಂದರೆ ಮೋಟರಿನೊಳಗಿನ ತಂತಿಸುತ್ತು, ಸರಿಯಿದೆ ಎಂದೇ ಹೇಳುತ್ತಿತ್ತು, ಸ್ಟಾರ್ಟರ್ ಮಾತ್ರ ಒತ್ತಿದಾಗಲೆಲ್ಲ ಬಿದ್ದು ಆಫ್ ಆಗುತ್ತಿತ್ತು. ಮೆಕ್ಯಾನಿಕ್ ತಂದ ಮೆಗ್ಗರ್, ಅಂದರೆ 500 ವೋಲ್ಟ್ ಹಾಯಿಸಿ ಸೋರಿಕೆ ಅಳೆಯುವ ಯಂತ್ರ, ನಿಮಿಷದಲ್ಲಿ ಗುಟ್ಟು ಬಿಚ್ಚಿತು. ಮೀಟರ್ ರೋಧ ಅಳೆಯುವುದು ತನ್ನ ಬ್ಯಾಟರಿಯ ಪುಟ್ಟ ಬಲದಲ್ಲಿ. ತೇವದ ಸೋರಿಕೆ ಅಷ್ಟಕ್ಕೆ ಬಾಯಿ ಬಿಡುವುದಿಲ್ಲ. ಬಿಚ್ಚಿದ ಮೋಟರಿನ ಮಗ್ಗುಲಿಗೆ ರಾತ್ರಿಯಿಡೀ 100 ವಾಟಿನ ಬಲ್ಬು ಉರಿಸಿಟ್ಟು ಒಣಗಿಸಿದೆವು.

ಜೊತೆಗೆ ಬಂದ ಕಡ್ಡಿಗಳು ಮಾತ್ರ ತೀರಾ ಕಳಪೆ. ಎಂಟೇ ತಿಂಗಳಲ್ಲಿ ಬುಡದಲ್ಲಿ ತುಂಡಾಗಿ ತಾಮ್ರ ಹೊರಗೆ ಇಣುಕಿತು, ಅದೂ ನನ್ನ ಒದ್ದೆ ಕೈಯಲ್ಲಿ. ಮೀಟರಿನ ಜೊತೆಗೇ ಒಳ್ಳೆಯ ಕಡ್ಡಿ ಕೊಳ್ಳಿ. ಮೈಮೇಲೆ 600 ವೋಲ್ಟ್ ಎಂದು ಬರೆದಿದ್ದರೂ ಮೂರು ಫೇಸಿನ ಪೆಟ್ಟಿಗೆಗೆ ನಾನು ಇದನ್ನು ಒಯ್ಯುವುದಿಲ್ಲ. ಕರೆಂಟು ಅಳೆಯುವ ಆಂಪಿಯರ್ ತೂತಿನಲ್ಲಿ ಕಡ್ಡಿ ಮರೆತು ಲೈನಿಗೆ ಹಿಡಿದು ಎರಡು ಫ್ಯೂಸು ಸುಟ್ಟದ್ದು ನನ್ನದೇ ತಪ್ಪು.

ಇಡುವ ಜಾಗ ಬಚ್ಚಲ ಒಲೆಯ ಪಕ್ಕದ ಗೂಡು. ಬಿಸ್ಕತ್ತಿನ ಡಬ್ಬಿ, ಒಳಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಪೊಟ್ಟಣಗಳು. ಈ ಜೂನ್‌ನಲ್ಲಿ ತೆರೆದಾಗಲೂ ಗುಂಡಿ ಸರಾಗವಾಗಿಯೇ ತಿರುಗಿತು.